ಚಿಯಾಂಗ್ ಮಾಯ್‌ಗೆ ಹೋಗುವವರು ಭಾನುವಾರ ಅಲ್ಲಿರಿ

ಥಾಯ್ಲೆಂಡಿಗೆ ಟಿಕೆಟ್ ತೆಗೆಸುವ ಮೊದಲು ವಾರ ನೋಡಿಕೊಳ್ಳಿ. ಬ್ಯಾಂಕಾಕಿನ ಚತುಚಕ್ ಸಂತೆ ಪೂರ್ತಿ ತುಂಬುವುದು ಶನಿವಾರ ಮತ್ತು ಭಾನುವಾರ. ಚಿಯಾಂಗ್ ಮಾಯ್‌ನಲ್ಲಿ ಬೆಳ್ಳಿ ಕೆಲಸಕ್ಕೆ ಹೆಸರಾದ ವುವಾಲಾಯ್ ಬೀದಿಯ ಸಂತೆ ಶನಿವಾರ ಸಂಜೆ, ಥಾ ಫೇ ಬಾಗಿಲಿನಿಂದ ಹಳೆಯ ಊರಿನೊಳಕ್ಕೆ ಹೋಗುವ ರಾಚದಮ್ನೋನ್ ರಸ್ತೆಯ ಸಂತೆ ಭಾನುವಾರ ಸಂಜೆ. ನಾನು ಮತ್ತು ಅಮ್ಮ ಶನಿವಾರ ಬೆಳಿಗ್ಗೆ ಚತುಚಕ್ ನೋಡಿ, ಸಂಜೆಯ ವಿಮಾನದಲ್ಲಿ ಚಿಯಾಂಗ್ ಮಾಯ್ ಸೇರಿದೆವು.

ಭಾನುವಾರ ಐದು ಗಂಟೆಯೊಳಗೆ ಹೋಗಿ. ಏಳರ ಹೊತ್ತಿಗೆ ಕಾಲಿಡಲು ಜಾಗವಿರುವುದಿಲ್ಲ. ಆರು ಗಂಟೆಗೆ ರಾಷ್ಟ್ರಗೀತೆ ಕೇಳಿಸಿದೊಡನೆ ಇಡೀ ರಸ್ತೆ ನಿಂತುಬಿಡುತ್ತದೆ. ನೀವೂ ಇದ್ದಲ್ಲೇ ನಿಲ್ಲಿ.

ನಮ್ಮ ದೊಡ್ಡ ಚಿಂತೆ ಊಟದ್ದೇ ಆಗಿತ್ತು. ತರಕಾರಿಯ ಅಡುಗೆಯಂತೆ ಕಂಡರೂ ಮೀನಿನ ಸಾಸ್ ಬಿದ್ದಿರುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ (เจ) ಎಂದು ಬರೆದಿರುವ ಅಂಗಡಿ ಹುಡುಕಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯೂ ಇರುವುದಿಲ್ಲ. ಅಮ್ಮನಿಗೆ ಅದೇ ಬೇಕಿತ್ತು. ಆ ಥಾಯ್ ಅಕ್ಷರವನ್ನು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಬೇರೆ ಕಡೆ ‘ಮೈ ಸಾಯ್ ನಾಮ್ ಪ್ಲಾ’ ಎಂದು ಹೇಳಿದರೆ ಮೀನಿನ ಸಾಸ್ ಹಾಕುವುದಿಲ್ಲ.

ಭಾನುವಾರದ ಸಂತೆಯ ರಸ್ತೆಯಲ್ಲೇ ಇರುವ ವಾಟ್ ಫಾನ್ ಓನ್ ದೇವಾಲಯದ ಅಂಗಳದಲ್ಲಿ ಅಮ್ಮ ಒಂದು ಒಲೆಯ ಮುಂದೆ ನಿಂತವರು ಕದಲಲಿಲ್ಲ. ಥೇಟ್ ನಮ್ಮ ಪಡ್ಡಿನ ಹಂಚು! ಮಾರುವಾಕೆ ಗುಳಿಗಳಿಗೆ ಅಕ್ಕಿಹಿಟ್ಟು ಸುರಿದಳು, ಮೇಲೆ ಗಟ್ಟಿ ತೆಂಗಿನಹಾಲು ಬಿಟ್ಟು ಮುಚ್ಚಿದಳು. ಯಾವಾಗ ಮಗುಚುತ್ತಾಳೆಂದು ಅಮ್ಮ ಕಾಯುತ್ತಿದ್ದರೆ, ಆಕೆ ಮಗುಚಲೇ ಇಲ್ಲ. ಚಮಚದಿಂದ ಎಬ್ಬಿಸಿ, ಎರಡು ಬಿಲ್ಲೆಗಳನ್ನು ಮುಖಾಮುಖಿ ಜೋಡಿಸಿ ಕೊಟ್ಟಳು. ಅಂಚು ಗರಿಗರಿ, ಒಳಗೆ ಸಿಹಿ-ಉಪ್ಪು ಬೆರೆತ ಬಿಸಿ ಹಾಲು. ಹೆಸರು ಖನೋಮ್ ಕ್ರೋಕ್. ಈರುಳ್ಳಿ ಸೊಪ್ಪು ಉದುರಿಸುವುದೂ ಉಂಟು, ಬೇಡವೆಂದು ಮೊದಲೇ ತೋರಿಸಿ. ಬಾಯಿ ಸುಡುತ್ತದೆ, ಸ್ವಲ್ಪ ತಾಳಿ.

ಸಣ್ಣ ನೋಟುಗಳು ಕೈಯಲ್ಲಿರಲಿ. ವಿದೇಶಿ ಕಾರ್ಡಿಗೆ ಎಟಿಎಂ ಪ್ರತಿ ಸಲವೂ ಇನ್ನೂರು ಬಾತ್‌ಗೂ ಹೆಚ್ಚು ಕಡಿತ ಮಾಡುತ್ತದೆ. ಬೇಕಾದಷ್ಟನ್ನು ಒಂದೇ ಸಲ ತೆಗೆಯಿರಿ. ತಿಂಡಿಗೆ ಚೌಕಾಸಿ ಬೇಡ. ಬಟ್ಟೆಬರೆಗೆ ನಗುತ್ತಾ ಕೇಳಿದರೆ ಇಳಿಸುತ್ತಾರೆ. ಕೈಯಿಂದ ಮಾಡಿದ ಸಾಮಾನು ಕೊಳ್ಳುವಾಗ ಹೆಚ್ಚು ಎಳೆದಾಡಬೇಡಿ, ಎಷ್ಟೋ ಕಡೆ ಮಾಡಿದವರೇ ಕೂತು ಮಾರುತ್ತಿರುತ್ತಾರೆ.

ಭಾನುವಾರ ಸಿಗದಿದ್ದರೆ ಚಾಂಗ್ ಖ್ಲಾನ್ ರಸ್ತೆಯ ನೈಟ್ ಬಜಾರ್ ದಿನವೂ ಇರುತ್ತದೆ. ಹಿಂದಿರುಗಲು ಹಲವರು ಹಂಚಿಕೊಂಡು ಹೋಗುವ ಕೆಂಪು ಸೊಂಗ್ತೇವ್ ವಾಹನಗಳಿವೆ. ಹತ್ತುವ ಮೊದಲೇ ದರ ಕೇಳಿಕೊಳ್ಳಿ.