ಕರೆಂಟ್ ಹೋದರೆ ಫೋನೂ ಹೋಯ್ತು

ಊರಿನ ಮನೆಗೆ ಫೈಬರ್ ಹಾಕಿಸಿ ಈ ಮಳೆಗಾಲಕ್ಕೆ ಒಂದು ವರ್ಷ. ಹಟ ಮಾಡಿ ಹಾಕಿಸಿದ್ದು ನಾನೇ. ಹಾಗಾಗಿ ಬೈಸಿಕೊಳ್ಳುವವನೂ ನಾನೇ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ. ಅಪ್ಪ ಅಮ್ಮ ಇಬ್ಬರೇ ಇರುವುದು. ಮೊಬೈಲಿಗೆ ಸಿಗ್ನಲ್ ಬೇಕಾದರೆ ಕೊಟ್ಟಿಗೆ ಹಿಂದಿನ ದರೆ ಹತ್ತಬೇಕು. ಹಳೇ ತಾಮ್ರದ ಲೈನು ಮಳೆ ಬಂದರೆ ಗರಗರ ಅನ್ನುತ್ತಿತ್ತು, ಮರ ಬಿದ್ದರೆ ವಾರಗಟ್ಟಲೆ ಸತ್ತೇ ಇರುತ್ತಿತ್ತು. ಕೊನೆಕೊನೆಗೆ ರಿಪೇರಿಗೆ ಬರುವವರೇ ಇಲ್ಲ ಅಂತಾಯಿತು. ಆಗಲೇ ಕಂಪನಿಯವರು ಫೈಬರ್ ಹಾಕಿಸಿಕೊಳ್ಳಿ ಅಂದರು. ಇಂಟರ್ನೆಟ್ಟೂ ಬರುತ್ತದೆ, ಫೋನೂ ಅದರಲ್ಲೇ, ನಂಬರೂ ಅದೇ ಇರುತ್ತದೆ. ಇನ್ನೇನು ಬೇಕು ಅಂತ ನಾನು ಬೆಂಗಳೂರಲ್ಲಿ ಕೂತೇ ದುಡ್ಡು ಕಟ್ಟಿದೆ.

ಹುಡುಗ ಬಂದು ಜಗಲಿಯ ಗೋಡೆಗೆ ಬಾಕ್ಸ್ ಹೊಡೆದು, ಹಳೇ ಬೀಟಲ್ ಫೋನನ್ನು ಅದಕ್ಕೆ ಸಿಕ್ಕಿಸಿ ಹೋದ. ಸಂಜೆ ನಾನು ಮಾಡಿದ ಫೋನ್ ಸಿಕ್ಕಿತು, ಮಾತು ಗಾಜಿನ ಹಾಗೆ ಸ್ಪಷ್ಟ. ಆದರೆ ಮನೆಯಿಂದ ಯಾರಿಗೂ ಫೋನ್ ಮಾಡಲು ಆಗುತ್ತಿಲ್ಲ. ಅಮ್ಮ ನಂಬರ್ ಒತ್ತುತ್ತಾಳೆ, ಡಯಲ್ ಟೋನ್ ತನ್ನ ಪಾಡಿಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಕೇಳಿದರೆ, "ನಿಮ್ ಫೋನ್ ಸೆಟ್ ಹಾಳಾಗಿದೆ ಸಾರ್, ಹೊಸದು ತಗೊಳ್ಳಿ" ಅಂದ ಹುಡುಗ. ಮುಂದಿನ ಶನಿವಾರ ಊರಿಗೆ ಹೋಗಿ ಫೋನನ್ನು ಮಗುಚಿ ನೋಡಿದೆ. ತಳದಲ್ಲಿ ಕಡಲೆಬೇಳೆಯಷ್ಟು ಪುಟ್ಟ ಸ್ವಿಚ್ಚು, ಒಂದು ಕಡೆ ಪಿ, ಇನ್ನೊಂದು ಕಡೆ ಟಿ. ಪಲ್ಸ್, ಟೋನ್: ಒತ್ತಿದ ನಂಬರನ್ನು ಫೋನ್ ಕಳಿಸುವ ಎರಡು ಬಗೆ. ಹಳೇ ಎಕ್ಸ್‌ಚೇಂಜಿಗೆ ಎರಡೂ ಅರ್ಥ ಆಗುತ್ತಿತ್ತು, ಈ ಬಾಕ್ಸಿಗೆ ಟೋನ್ ಮಾತ್ರ. ಉಗುರಲ್ಲಿ ಟಿ ಕಡೆಗೆ ತಳ್ಳಿದೆ. ಸಿಕ್ಕಿತು ಲೈನು! ಇಷ್ಟಕ್ಕೆ ಹೊಸ ಫೋನ್ ತರಿಸುವವನಿದ್ದ ಪುಣ್ಯಾತ್ಮ.

ಅಸಲಿ ತೊಂದರೆ ಶುರುವಾಗಿದ್ದು ಜೂನ್‌ನಲ್ಲಿ. ಮಳೆ ಹಿಡಿಯಿತು, ಕರೆಂಟ್ ಹೋಯಿತು, ಮನೆಯ ಫೋನೂ ಹೋಯಿತು. ಒಂದೂವರೆ ದಿನ ನನಗೆ ಕೇಳಿಸಿದ್ದು ಎಂಗೇಜೂ ಅಲ್ಲ, ರಿಂಗೂ ಅಲ್ಲ, ಬರೀ ಮೌನ. ಕೊನೆಗೆ ಪೇಟೆಯ ಅಂಗಡಿಯವರಿಗೆ ಹೇಳಿ ಸುದ್ದಿ ತರಿಸಿಕೊಂಡೆ. ಅಪ್ಪ ಅಮ್ಮ ಆರಾಮಾಗಿದ್ದರು. ಆರಾಮಿಲ್ಲದಿದ್ದದ್ದು ನಾನು.

ಹಳೇ ಫೋನಿಗೆ ಬೇಕಾದ ಕರೆಂಟು ಎಕ್ಸ್‌ಚೇಂಜಿನಿಂದಲೇ ಬರುತ್ತಿತ್ತು, ಮಾತು ಹೋಗುವ ಅದೇ ಎರಡು ತಂತಿಯಲ್ಲಿ, ಸುಮಾರು 48 ವೋಲ್ಟ್. ಅಲ್ಲಿ ಬ್ಯಾಟರಿ ಸಾಲು ಇತ್ತು. ಮನೆಯಲ್ಲಿ ದೀಪ ಇಲ್ಲದಿದ್ದರೂ ಫೋನ್ ರಿಂಗಾಗುತ್ತಿದ್ದದ್ದು ಅದಕ್ಕೇ. ಫೈಬರ್ ಅಂದರೆ ಗಾಜಿನ ಎಳೆ, ಅದರಲ್ಲಿ ಬರುವುದು ಬರೀ ಬೆಳಕು. ಆ ಬೆಳಕನ್ನು ಮಾತು ಮಾಡುವ ಬಾಕ್ಸಿಗೆ ಕರೆಂಟ್ ಕೊಡುವುದು ನಮ್ಮ ಜವಾಬ್ದಾರಿ. ಮಲೆನಾಡಿನಲ್ಲಿ, ಮಳೆಗಾಲದಲ್ಲಿ! ದುಡ್ಡು ಕಟ್ಟಿಸಿಕೊಳ್ಳುವಾಗ ಈ ಒಂದು ಮಾತು ಹೇಳಬೇಕಿತ್ತು, ಅಲ್ವಾ? (ಎಕ್ಸ್‌ಚೇಂಜಿನ ಬ್ಯಾಟರಿಯೂ ಈಚೆಗೆ ಕೈಕೊಡುತ್ತಿತ್ತು ಅಂತ ಅಪ್ಪ ನೆನಪಿಸಿದರು. ಸರಿ, ಒಪ್ಪಿದೆ.)

ಮನೆಯಲ್ಲಿ ಇನ್ವರ್ಟರ್ ಇದೆ. ಆದರೆ ಅದರ ಲೈನು ಇರುವುದು ಲೈಟು ಫ್ಯಾನಿಗೆ, ಜಗಲಿಯ ಪ್ಲಗ್ಗಿಗೆ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಮಳೆ ಬಿಡಲಿ ಅಂದ. ಅಲ್ಲಿವರೆಗೆ ಇರಲಿ ಅಂತ 12 ವೋಲ್ಟಿನ ಪುಟ್ಟ ಯುಪಿಎಸ್ ತರಿಸಿದೆ. ಡಬ್ಬಿಯ ಮೇಲೆ ನಾಲ್ಕು ಗಂಟೆ ಅಂತಿತ್ತು, ಬಂದದ್ದು ಎರಡೂವರೆ.

ಜುಲೈನಲ್ಲಿ ಇನ್ನೊಂದು. ಕರೆಂಟ್ ಇದೆ, ಬಾಕ್ಸಿನಲ್ಲಿ ಕೆಂಪು ದೀಪ ಮಿಣುಕುತ್ತಿದೆ, ಫೋನೂ ಇಲ್ಲ, ನೆಟ್ಟೂ ಇಲ್ಲ. ದೂರು ಕೊಡಲು ಮೊಬೈಲಿಗೆ ಓಟಿಪಿ ಬರಬೇಕಂತೆ. ಅಪ್ಪ ಕೊಡೆ ಹಿಡಿದು ದರೆ ಹತ್ತಿ, ಓಟಿಪಿ ಓದಿ, ನನಗೆ ಫೋನ್ ಮಾಡಿ ಹೇಳುವುದರೊಳಗೆ ಅದರ ಟೈಮು ಮುಗಿದಿತ್ತು. ಮೂರನೇ ದಿನ "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಅಂತ ಮೆಸೇಜ್ ಬಂತು, ಯಾರೂ ಬಂದಿರಲಿಲ್ಲ. ಐದನೇ ದಿನ ಹುಡುಗ ಬಂದ. ಮಂಗ ಜೋತು ಬಿದ್ದಿರಬೇಕು ಅಂತ ತೋಟದ ಅಂಚಿನವರೆಗೆ ಕೇಬಲ್ ನೋಡಿಕೊಂಡು ಬಂದ, ಏನೂ ಆಗಿರಲಿಲ್ಲ. ಜಗಲಿಗೆ ಬಂದು ಬೆಳಕಿನ ಬಲ ಅಳೆಯುವ ಮೀಟರ್ ಹಚ್ಚಿದರೆ ಮೈನಸ್ 31. ಮೈನಸ್ 27ರ ಆಚೆ ಹೋದರೆ ಬಾಕ್ಸಿಗೆ ಬೆಳಕು ಕಾಣಲ್ಲ ಅಂದ.

ಆಮೇಲೆ ಗೋಡೆ ನೋಡಿದ. ಜಾಸ್ತಿ ಉಳಿದಿದ್ದ ಕೇಬಲ್ ಜೋತಾಡುವುದು ಚೆನ್ನಾಗಿಲ್ಲ ಅಂತ ಅಪ್ಪ ಅದನ್ನು ನಾಲ್ಕು ಬೆರಳಿಗೆ ಬಿಗಿಯಾಗಿ ಸುತ್ತಿ, ಸುತಲಿ ಕಟ್ಟಿ, ಮೊಳೆಗೆ ನೇತು ಹಾಕಿದ್ದರು. ತಾಮ್ರದ ತಂತಿಯನ್ನು ಹೇಗೆ ಸುತ್ತಿದರೂ ನಡೆಯುತ್ತದೆ. ಇದು ಬಿಗಿಯಾಗಿ ಬಾಗಿದರೆ ಬೆಳಕು ಬಾಗಿದಲ್ಲೇ ಸೋರಿ ಹೋಗುತ್ತದೆ. ಹುಡುಗ ಸುತಲಿ ಬಿಚ್ಚಿ, ಊಟದ ತಟ್ಟೆಯಷ್ಟು ಅಗಲಕ್ಕೆ ಸುತ್ತಿ ಬಿಟ್ಟ. ಮೈನಸ್ 20. ಕೆಂಪು ದೀಪ ಆರಿತು. "ಅಷ್ಟೇನಾ?" ಅಂದರು ಅಪ್ಪ, ಸ್ವಲ್ಪ ಸಿಟ್ಟಲ್ಲೇ. ಹುಡುಗನಿಗೆ ಅಮ್ಮ ಕಾಫಿ ಕೊಟ್ಟಳು. ಈಗ ಆ ಮೊಳೆಯ ಹತ್ತಿರ ಯಾರೂ ಕೈ ಹಾಕುವ ಹಾಗಿಲ್ಲ, ಕಸಬರಿಗೆಯೂ ಇಲ್ಲ.

ಇನ್ವರ್ಟರ್ ಲೈನು ದೀಪಾವಳಿ ಹೊತ್ತಿಗೆ ಜಗಲಿಗೆ ಬಂತು. ಇನ್ನು ಪರವಾಗಿಲ್ಲ ಅಂದುಕೊಂಡೆ. ಆದರೆ ಗುಡುಗಿದರೆ ಫೋನಿನ ತಂತಿ ಕೀಳಬೇಕು ಅನ್ನುವುದು ಅಮ್ಮನಿಗೆ ಎಷ್ಟೋ ವರ್ಷದ ಅಭ್ಯಾಸ, ಸಿಡಿಲಿಗೆ ನಮ್ಮ ಮನೆಯಲ್ಲಿ ಎರಡು ಫೋನ್ ಸುಟ್ಟಿವೆ. ಈಗ ಬಾಕ್ಸಿನ ಪ್ಲಗ್ಗನ್ನೇ ಕೀಳುತ್ತಾಳೆ. ಬೇಡ ಅನ್ನಲು ನನಗೂ ಧೈರ್ಯ ಇಲ್ಲ, ಕರೆಂಟಿನ ಲೈನಲ್ಲೂ ಸಿಡಿಲು ಬರುತ್ತದೆ. ಹಾಗಾಗಿ ಏಪ್ರಿಲ್‌ನಿಂದ ದಿನಾ ಸಂಜೆ ನಾಲ್ಕರ ಸುಮಾರಿಗೆ, ನಾನು ಮೀಟಿಂಗಲ್ಲಿ ಇರುವಾಗಲೇ ಫೋನ್ ಬರುತ್ತದೆ. "ಆಗುಂಬೆ ಬದಿ ಕಪ್ಪಾಗ್ತಾ ಇದೆ ಮಾರಾಯ, ಪ್ಲಗ್ ತೆಗೀತೀನಿ. ಹೇಳೋದಿದ್ರೆ ಈಗ್ಲೇ ಹೇಳು."