ಬರ್ಫ್ ಬಿದ್ದ ದಿನದ ಬಸ್ ದಾರಿ

"ಬರ್ಫ್ ಬಿದ್ದಾಗ ಅಲ್ಲಿ ಬಸ್ ಓಡ್ತಾವೇನವ್ವಾ?"

ಹೋದ ಮಳೆಗಾಲದಲ್ಲಿ ರಜೆಗೆ ಬಂದಿದ್ದಾಗ ಮಳಖೇಡದ ಚಹಾದಂಗಡಿ ಕಾಕಾ ಕೇಳಿದ ಪ್ರಶ್ನೆ ಇದು. ಬರ್ಫ್ ಅಂದರೆ ಹಿಮ, 'ಅಲ್ಲಿ' ಅಂದರೆ ನಾನಿರುವ ಅಮೆರಿಕ. ಕಾಗಿಣಾ ನದಿ ತುಂಬಿ ಹರಿಯುತ್ತಿತ್ತು. ಕಲಬುರಗಿಗೆ ಹೊರಟ ಹತ್ತು ಹದಿನೈದು ಜನ ಅಂಗಡಿಯ ತಗಡಿನ ಕೆಳಗೆ ಒತ್ತಿಕೊಂಡು ನಿಂತಿದ್ದೆವು. ಬಸ್ಸು ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. "ಓಡ್ತಾವ ಕಾಕಾ, ಆದ್ರ ದಿನಾ ಬರೋ ದಾರೀಲೆ ಬರಂಗಿಲ್ಲ" ಅಂದೆ. ಅಷ್ಟರಲ್ಲಿ ಯಾರೋ ಚಹಾ ಕೇಳಿದರು, ಮಾತು ಅಲ್ಲಿಗೇ ನಿಂತಿತು. ಅವತ್ತು ಅರ್ಧಕ್ಕೆ ಬಿಟ್ಟಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ನಾನಿರುವುದು ಸಿಯಾಟಲ್‌ನಲ್ಲಿ, ಅಮೆರಿಕದ ವಾಯವ್ಯ ಮೂಲೆಯಲ್ಲಿ. ಆಸ್ಪತ್ರೆಯೊಂದರ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಕಾರು ಓಡಿಸುವುದನ್ನು ಕಲಿತಿಲ್ಲ, 2018ರಲ್ಲಿ ಬಂದಾಗಿನಿಂದ ಬಸ್ಸೇ ಗತಿ. ನಮ್ಮ ಕಡೆಯವರು ಅಮೆರಿಕ ಎಂದರೆ ಆಳೆತ್ತರ ಹಿಮ ಎಂದುಕೊಳ್ಳುತ್ತಾರೆ. ಸಿಯಾಟಲ್ ಹಾಗಿಲ್ಲ. ಪೆಸಿಫಿಕ್ ಸಾಗರದ ತೇವದ ಗಾಳಿಯಿಂದ ಚಳಿಗಾಲವೆಲ್ಲ ಜಿಟಿಜಿಟಿ ಮಳೆ. ಕೆಲವೇ ದಿನ ಮಾತ್ರ ಕೆನಡಾದ ಫ್ರೇಸರ್ ನದಿಯ ಕಣಿವೆಯಿಂದ ಕೊರೆಯುವ ಒಣಗಾಳಿ ನುಗ್ಗುತ್ತದೆ. ಅದೇ ಹೊತ್ತಿಗೆ ಸಾಗರದ ಕಡೆಯಿಂದ ಮೋಡ ಬಂತೆಂದರೆ ಹಿಮ. ಹಗಲು ಅದು ಒಂದಿಷ್ಟು ಕರಗುತ್ತದೆ, ರಾತ್ರಿ ಆ ನೀರೇ ಗಟ್ಟಿಯಾಗಿ ರಸ್ತೆಗೆ ಗಾಜು ಹಾಸಿದಂತಾಗುತ್ತದೆ.

ಊರು ಬಯಲಿನಲ್ಲಿದ್ದರೆ ಇದನ್ನು ಹೇಗೋ ನಿಭಾಯಿಸಬಹುದಿತ್ತು. ಆದರೆ ಸಿಯಾಟಲ್ ಇರುವುದು ಗುಡ್ಡಗಳ ಮೇಲೆ: ಕ್ವೀನ್ ಆನ್, ಕ್ಯಾಪಿಟಲ್ ಹಿಲ್, ಫಸ್ಟ್ ಹಿಲ್, ಬೀಕನ್ ಹಿಲ್. ಕ್ವೀನ್ ಆನ್ ಗುಡ್ಡದ ಒಂದು ರಸ್ತೆ ನೂರು ಅಡಿಗೆ ಸುಮಾರು ಹದಿನೆಂಟು ಅಡಿ ಏರುತ್ತದೆ. ಹಿಂದೆ ಅಲ್ಲಿ ಟ್ರಾಮ್ ಹತ್ತಿಸಲು ನೆಲದಡಿಯ ಸುರಂಗದಲ್ಲಿ ಭಾರದ ಬಂಡಿಯೊಂದನ್ನು ಹಗ್ಗಕ್ಕೆ ಕಟ್ಟಿದ್ದರಂತೆ. ಬಾವಿ ರಾಟೆಯ ಎರಡು ಕೊಡಗಳ ಹಾಗೆ ಅದು ಇಳಿದರೆ ಇದು ಏರುತ್ತಿತ್ತು. ಟ್ರಾಮ್ ಹೋಗಿ ಎಷ್ಟೋ ಕಾಲವಾದರೂ ಆ ಏರಿಗೆ ಜನ ಇಂದಿಗೂ 'ಕೌಂಟರ್‌ಬ್ಯಾಲೆನ್ಸ್' ಎಂದೇ ಅನ್ನುತ್ತಾರೆ. ಕಣ್ಣು ಹಾಯಿಸಿದಷ್ಟೂ ತೊಗರಿ ಹೊಲ ಕಾಣುವ ನೆಲದಲ್ಲಿ ಬೆಳೆದ ನನಗೆ, ಬಸ್ಸಿನೊಳಗೆ ಕೂತಾಗ ಮುಂದಿನ ಸೀಟಿನವರ ತಲೆ ನನ್ನ ತಲೆಗಿಂತ ಮೇಲಿರುವುದು ಮೊದಮೊದಲು ಎದೆ ನಡುಗಿಸುತ್ತಿತ್ತು.

ನನ್ನ ಮೊದಲ ಚಳಿಗಾಲಕ್ಕೇ 2019ರ ಫೆಬ್ರವರಿ ಸಿಕ್ಕಿತು. ಆ ಒಂದು ತಿಂಗಳಲ್ಲಿ ವಿಮಾನ ನಿಲ್ದಾಣದ ಬಳಿ 20 ಅಂಗುಲಕ್ಕೂ ಹೆಚ್ಚು ಹಿಮ ಬಿತ್ತು. ಮೊದಲ ಹಿಮ ಬಿದ್ದ ಮರುದಿನ ಬೆಳಗಿನ ಪಾಳಿಗೆ ಕತ್ತಲಲ್ಲೇ ಎದ್ದು ಎರಡು ಸ್ವೆಟರ್ ಏರಿಸಿಕೊಂಡು ಗುಡ್ಡದ ನಡುಮಧ್ಯದ ಸ್ಟಾಪಿನಲ್ಲಿ ನಿಂತೆ. ಮೊಬೈಲ್‌ನಲ್ಲಿ ಬಸ್ಸು ನಾಲ್ಕು ನಿಮಿಷ ದೂರ ಎಂದು ತೋರಿಸುತ್ತಿತ್ತು. ನಾಲ್ಕು ನಿಮಿಷ ಕಳೆಯಿತು, ಬಸ್ಸು ಪರದೆಯಿಂದ ಮಾಯವಾಯಿತು. ಮತ್ತೊಂದು ಬಸ್ಸು ತೋರಿಸಿತು, ಅದೂ ಮಾಯ. ಮುಕ್ಕಾಲು ಗಂಟೆಗೆ ಕಾಲ್ಬೆರಳುಗಳು ಇವೆಯೋ ಇಲ್ಲವೋ ತಿಳಿಯದಾದವು. ಲ್ಯಾಬ್‌ನಲ್ಲಿ ರಾತ್ರಿ ಪಾಳಿಯವಳು ನಾನು ಬರುವವರೆಗೆ ಜಾಗ ಬಿಡುವಂತಿಲ್ಲ ಎಂಬ ಚಿಂತೆ ಬೇರೆ. ಅಷ್ಟರಲ್ಲಿ ಎದುರು ಮನೆಯ ಮುದುಕಿ ಸಲಿಕೆ ಹಿಡಿದು ಮೆಟ್ಟಿಲ ಹಿಮ ತೆಗೆಯಲು ಹೊರಗೆ ಬಂದರು. ಇವತ್ತು ಬಸ್ಸು ಈ ಏರು ಹತ್ತುವುದಿಲ್ಲ, ಹಿಮದ ದಿನದ ದಾರಿಯೇ ಬೇರೆ, ನೀನು ಗುಡ್ಡದ ಬುಡಕ್ಕೆ ಇಳಿ ಎಂದರು. ಒಳಗೆ ಹೋಗಿ ತಮ್ಮ ಊರುಗೋಲು ತಂದುಕೊಟ್ಟರು. ಅದನ್ನು ಊರಿಕೊಂಡು ಇಳಿದೆ. ಕೆಳಗಿನ ಸ್ಟಾಪಿನಲ್ಲಿ ಗಾಲಿಗೆ ಸರಪಳಿ ಸುತ್ತಿದ ಬಸ್ಸು ಖಣಖಣ ಸದ್ದು ಮಾಡುತ್ತ ಬಂದೇ ಬಂತು.

ಅವತ್ತು ಸಂಜೆ ಕೂತು ಎಲ್ಲವನ್ನೂ ಓದಿ ತಿಳಿದುಕೊಂಡೆ. ಇಲ್ಲಿ ಬಸ್ಸು ನಡೆಸುವುದು ಕಿಂಗ್ ಕೌಂಟಿ ಮೆಟ್ರೊ. ಅವರು ಕಡಿದಾದ ಏರಿನ ಮಾರ್ಗಗಳಿಗೆ ಎರಡು ನಕ್ಷೆ ಇಟ್ಟಿದ್ದಾರೆ: ಒಂದು ದಿನನಿತ್ಯದ ದಾರಿ, ಇನ್ನೊಂದು ಹಿಮದ ದಾರಿ. ಯಾವ ಏರು ಬಿಡಬೇಕು, ಯಾವ ಸಮತಟ್ಟಾದ ದೊಡ್ಡ ರಸ್ತೆ ಹಿಡಿಯಬೇಕು, ಯಾವ ಸ್ಟಾಪಿಗೆ ಬಸ್ಸು ಬರುವುದಿಲ್ಲ, ಎಲ್ಲವೂ ಹಿಮ ಬೀಳುವ ಮುಂಚೆಯೇ ತೀರ್ಮಾನವಾಗಿ ಜನರ ಕೈಯಲ್ಲಿರುತ್ತದೆ. ಹಿಮ ಬಿದ್ದ ದಿನ ಇಂಥ ಭಾಗದಲ್ಲಿ ಹಿಮದ ದಾರಿ ಎಂದು ಸಾರಿದರೆ ಮುಗಿಯಿತು. ಹೆಸರು ಕೊಟ್ಟವರ ಫೋನಿಗೆ ಮೆಸೇಜ್ ಬರುತ್ತದೆ. ಹಿಮ ವಿಪರೀತವಾದರೆ ಹೆಚ್ಚಿನ ಮಾರ್ಗಗಳನ್ನು ನಿಲ್ಲಿಸಿ, ಆಸ್ಪತ್ರೆಗಳಂಥ ಮುಖ್ಯ ಜಾಗಗಳನ್ನು ಮುಟ್ಟುವ ಮಾರ್ಗಗಳನ್ನಷ್ಟೇ ಓಡಿಸುವ ತುರ್ತು ಜಾಲ ಇದೆ. ಅದು ಮೊಟ್ಟಮೊದಲ ಸಲ ಜಾರಿಯಾದದ್ದೂ ಅದೇ 2019ರ ಫೆಬ್ರವರಿಯಲ್ಲಿ. ನಾನು ಮುಕ್ಕಾಲು ಗಂಟೆ ನಿಂತದ್ದು ಅವರು ಹೇಳದೆ ಇದ್ದುದಕ್ಕಲ್ಲ, ನಾನು ಕೇಳದೆ ಇದ್ದುದಕ್ಕೆ. ಬಸ್ಸುಗಳು ದಿನದ ದಾರಿ ಬಿಟ್ಟಾಗ ಮೊಬೈಲ್ ತೋರಿಸುವ ನಿಮಿಷಗಳನ್ನು ನಂಬುವಂತಿಲ್ಲ ಎಂಬುದನ್ನೂ ಅವರು ಮುಂಚೆಯೇ ಹೇಳಿರುತ್ತಾರೆ.

ಇಷ್ಟೊಂದು ಮುಂಜಾಗ್ರತೆ ಸುಮ್ಮನೆ ಹುಟ್ಟಿದ್ದಲ್ಲ. ಇಲ್ಲಿ ಎರಡು ಬಸ್ಸು ಒಂದಕ್ಕೊಂದು ಜೋಡಿಸಿದಂಥ 60 ಅಡಿ ಉದ್ದದ ಗಾಡಿಗಳಿವೆ, ನಡುವೆ ಹಾರ್ಮೋನಿಯಂ ತಿದಿಯಂಥ ಮಡಿಕೆ. ಬಹಳಷ್ಟು ಗಾಡಿಗಳಲ್ಲಿ ಎಂಜಿನ್ನಿನ ಬಲ ಹಿಂದಿನ ಗಾಲಿಗಳಿಗೆ. ಜಾರುವ ನೆಲದಲ್ಲಿ ಹಿಂದಿನ ಅರ್ಧ ಮುಂದಿನ ಅರ್ಧವನ್ನು ತಳ್ಳಿದರೆ ಗಾಡಿ ನಡುವೆ ಮಡಚಿಕೊಂಡು ರಸ್ತೆಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಹಿಮದ ದಿನ ಸಾಧ್ಯವಾದಷ್ಟು 40 ಅಡಿಯ ಗಾಡಿಗಳನ್ನು ಹೊರತೆಗೆಯುತ್ತಾರೆ. ಸರಪಳಿ ಕಟ್ಟಿದ ಗಾಡಿ ನಿಧಾನಕ್ಕೇ ಹೋಗಬೇಕು. ಹಾಗಾಗಿ ಹಿಮದ ದಿನ ವೇಳಾಪಟ್ಟಿಯ ಮಾತೇ ಎತ್ತಬಾರದು. ತಂತಿಯ ಕರೆಂಟಿನಲ್ಲಿ ಓಡುವ ಟ್ರಾಲಿ ಬಸ್ಸುಗಳೂ ಇವೆ. ಹೊಸ ಗಾಡಿಗಳು ತಂತಿ ಬಿಟ್ಟು ಬ್ಯಾಟರಿಯಲ್ಲಿ ಒಂದಿಷ್ಟು ದೂರ ಹೋಗಬಲ್ಲವು, ತುಂಬ ದೂರವಲ್ಲ. 2024ರ ನವೆಂಬರ್‌ನ ಬಿರುಗಾಳಿಗೆ ಮರಗಳು ಉರುಳಿ ಲಕ್ಷಾಂತರ ಮನೆಗಳ ಕರೆಂಟು ಹೋದಾಗ, ಹಿಮವಿಲ್ಲದೆಯೂ ದಾರಿಗಳು ಬದಲಾದವು. ಇನ್ನು ಇಲ್ಲಿನ ಹಳಬರು ಮರೆಯದ ಒಂದು ಘಟನೆ ಇದೆ. 2008ರ ಡಿಸೆಂಬರ್‌ನಲ್ಲಿ ಕ್ಯಾಪಿಟಲ್ ಹಿಲ್‌ನ ಇಳಿಜಾರಿನಲ್ಲಿ ಎರಡು ಬಾಡಿಗೆ ಬಸ್ಸುಗಳು ಹಿಮದಲ್ಲಿ ಜಾರಿ, ತಡೆಗೋಡೆ ಮುರಿದುಕೊಂಡು ಕೆಳಗಿನ ಹೆದ್ದಾರಿಯ ಮೇಲೆ ಮೂತಿ ಚಾಚಿ ನಿಂತವು. ಯಾರ ಜೀವವೂ ಹೋಗಲಿಲ್ಲ. ಆ ಫೋಟೊ ನೋಡಿದ ಮೇಲೆ ಬಸ್ಸು ಏರು ಹತ್ತುವುದಿಲ್ಲ ಎಂದರೆ ನನಗೆ ಸಿಟ್ಟು ಬರುವುದಿಲ್ಲ.

ಈಗ ನನಗೂ ರೂಢಿಯಾಗಿದೆ. ಏರಿನ ನಡುವೆ ನಿಲ್ಲುವುದಿಲ್ಲ, ಬುಡದಲ್ಲೋ ನೆತ್ತಿಯಲ್ಲೋ ನಿಲ್ಲುತ್ತೇನೆ. ಇಳಿಜಾರಿನಲ್ಲಿ ಒಮ್ಮೆ ನಿಂತ ಗಾಡಿ ಮತ್ತೆ ಹೊರಡುವುದು ಕಷ್ಟ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಯೊಳಗೆ ಹೊತ್ತು ಮುಳುಗುತ್ತದೆ, ಡ್ರೈವರಿಗೆ ಕಾಣಲೆಂದು ಮೊಬೈಲ್ ದೀಪ ಹಿಡಿಯುತ್ತೇನೆ. ಬಸ್ಸು ಪೂರ್ತಿ ನಿಲ್ಲುವವರೆಗೆ ರಸ್ತೆಯ ಅಂಚಿಗೆ ಹೋಗುವುದಿಲ್ಲ. ಬ್ಯಾಗಿನಲ್ಲಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇದ್ದೇ ಇರುತ್ತದೆ.

ನಡೆಯುವುದನ್ನು ಮಾತ್ರ ಹೊಸದಾಗಿ ಕಲಿಯಬೇಕಾಯಿತು. ನಮ್ಮ ಎರೆ ಮಣ್ಣಿನ ರಾಡಿಯಲ್ಲಿ ನಡೆದವರಿಗೆ ಗೊತ್ತು, ಅಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಕಾಲ್ಬೆರಳನ್ನು ನೆಲಕ್ಕೆ ಊರುತ್ತೇವೆ. ಬೆರಳೇ ಲಂಗರು. ಗಟ್ಟಿ ಹಿಮದಲ್ಲಿ ಹಾಗೆ ಊರಿದರೆ ಹಿಮ್ಮಡಿ ಜಾರುತ್ತದೆ. ಇಡೀ ಪಾದವನ್ನು ಒಮ್ಮೆಗೇ ಚಪ್ಪಟೆಯಾಗಿ ಇಟ್ಟು, ಮೊಳಕಾಲು ಸ್ವಲ್ಪ ಬಗ್ಗಿಸಿ, ಗೇಣುಗೇಣು ಹೆಜ್ಜೆ ಹಾಕಬೇಕು, ಕೈ ಜೇಬಿನ ಹೊರಗಿರಬೇಕು. ಇದನ್ನು ಫೋನಿನಲ್ಲಿ ಹೇಳಿದಾಗ ಅವ್ವ, "ಅಂದ್ರ ತುಂಬಿದ ಕೊಡ ಹೊತ್ತು ನಡದಂಗ ನಡೀಬೇಕು ಅನ್ನು" ಎಂದಳು. ಅದಕ್ಕಿಂತ ಚೆನ್ನಾಗಿ ಇಲ್ಲಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

2020ರ ಅಕ್ಟೋಬರ್ ನಿಮಗೆ ನೆನಪಿದೆಯಲ್ಲ? ಕಾಗಿಣಾ ಮಳಖೇಡದ ಸೇತುವೆಯ ಮೇಲೆ ಹರಿದು ಸೇಡಂ–ಕಲಬುರಗಿ ರಸ್ತೆ ಕಡಿದುಹೋಯಿತು. ಅತ್ತ ಭೀಮೆ ಉಕ್ಕಿ ಅಫಜಲಪುರದ ಹಳ್ಳಿಗಳಿಗೆ ನುಗ್ಗಿದಳು. ಆ ವಾರ ಅಪ್ಪ ಕಣ್ಣಿನ ಆಪರೇಷನ್‌ಗೆ ಕಲಬುರಗಿಗೆ ಹೋಗಬೇಕಿತ್ತು. ನಸುಕಿನಲ್ಲಿ ಹೋಗಿ ಸ್ಟಾಪಿನಲ್ಲಿ ನಿಂತು, ಮಧ್ಯಾಹ್ನದವರೆಗೆ ಕಾದು, ತೊಯ್ದುಕೊಂಡು ಮನೆಗೆ ವಾಪಸ್ ಬಂದರು. "ಬಸ್ ಬರ್ಲಿಲ್ಲವ್ವಾ" ಎಂದಷ್ಟೇ ಹೇಳಿದರು. ನನ್ನ ಮನೆಯ ಗೋಡೆಗೆ ಆಗ ಹಿಮದ ದಾರಿಯ ನಕ್ಷೆ ಅಂಟಿಸಿತ್ತು. ಅದನ್ನು ನೋಡುತ್ತ ಅತ್ತೆ.

ನಮ್ಮ ಕಡೆ ನೀರು ಬರುವುದು ಹಿಮ ಬೀಳುವಷ್ಟೂ ಅನಿರೀಕ್ಷಿತವಲ್ಲ, ನನ್ನನ್ನು ಕಾಡುವುದು ಇದೇ. ಮುಳುಗುವ ಸೇತುವೆಗಳು ಪ್ರತಿ ಮಳೆಗಾಲದಲ್ಲೂ ಅವೇ: ಕಾಗಿಣಾಕ್ಕೆ ಮಳಖೇಡ, ದಂಡೋತಿ, ಭೀಮೆಗೆ ಘತ್ತರಗಿ, ಕೃಷ್ಣೆಗೆ ಶಹಾಪುರ ತಾಲ್ಲೂಕಿನ ಕೊಳ್ಳೂರು. ಮಹಾರಾಷ್ಟ್ರದ ಉಜನಿಯಿಂದಲೋ ನಾರಾಯಣಪುರದ ಬಸವಸಾಗರದಿಂದಲೋ ಎಷ್ಟು ಕ್ಯೂಸೆಕ್ ಬಿಟ್ಟರು ಎಂಬುದು ಸುದ್ದಿಯಲ್ಲಿ ಬರುತ್ತದೆ. ಎಷ್ಟು ಬಿಟ್ಟರೆ ಯಾವ ಸೇತುವೆ ಮುಳುಗುತ್ತದೆ ಎಂಬುದು ನದಿ ದಂಡೆಯ ರೈತರಿಗೆ ಬಾಯಿಪಾಠ, ಆ ಮಾರ್ಗದ ಡ್ರೈವರ್ ಕಂಡಕ್ಟರ್‌ಗಳಿಗೂ ಬಾಯಿಪಾಠ. ಗೊತ್ತಿಲ್ಲದಿರುವುದು ಸ್ಟಾಪಿನಲ್ಲಿ ನಿಂತವರಿಗೆ ಮಾತ್ರ. ಪ್ರತಿ ಸ್ಟಾಪಿನಲ್ಲಿ ಕನ್ನಡದಲ್ಲಿ ಒಂದು 'ಮಳೆ ದಾರಿ' ಹಲಗೆ ಹಾಕಬೇಕು: ಸೇತುವೆ ಮುಳುಗಿದರೆ ಬಸ್ಸು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಮುಂದೆ ಹೇಗೆ ಹೋಗಬೇಕು. ಇದಕ್ಕೆ ಸರಪಳಿ ಬೇಡ, ಸಲಿಕೆ ಬೇಡ, ದೊಡ್ಡ ದುಡ್ಡೂ ಬೇಡ. 2023ರಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಗಿದೆ, ಕಲಬುರಗಿಗೆ ಕಾಲೇಜಿಗೆ, ಆಸ್ಪತ್ರೆಗೆ ಹೋಗುವ ಎಷ್ಟೋ ಹೆಂಗಸರು ಅದನ್ನೇ ನಂಬಿದ್ದಾರೆ. ಕತ್ತಲಾಗುವವರೆಗೆ ಅವರನ್ನು ಮಳೆಯಲ್ಲಿ ನಿಲ್ಲಿಸಬಾರದು.

ಆ ದಿನ ಚಹಾದಂಗಡಿಯಲ್ಲಿ ನಿಂತಿದ್ದಾಗ ಕಾಕಾನ ಫೋನು ರಿಂಗಾಯಿತು. ಎರಡೇ ಮಾತು. ಫೋನಿಟ್ಟವರೇ ಎಲ್ಲರಿಗೂ ಕೇಳುವಂತೆ ಕೂಗಿದರು: "ಬ್ರಿಜ್ ಮ್ಯಾಲ ನೀರ್ ಬಂದಾದ್ರೀ. ಬಸ್ಸಿನ ದಾರಿ ಕಾಯಬ್ಯಾಡ್ರಿ. ಮಳಖೇಡ ರೋಡ್ ಸ್ಟೇಷನ್‌ಗಿ ಹೋಗ್ರಿ, ವಾಡಿ ಮ್ಯಾಲಿಂದ ರೈಲಿಗೆ ಹೋಗ್ಲಾಕ ಬರ್ತದ." ಜನ ಆಟೊ ಹುಡುಕಿಕೊಂಡು ಚದುರಿದರು. ಯಾರು ಹೇಳಿದರು ಎಂದು ಕೇಳಿದೆ. "ನದಿ ದಂಡಿಗಿ ನಮ್ಮ ಅಳಿಯನ ಹೊಲ ಅದ. ನೀರ್ ಏರಿತಂದ್ರ ಫೋನ್ ಹಚ್ತಾನ. ಹತ್ತು ವರ್ಷಾತು." ಸಿಯಾಟಲ್‌ನ ಎದುರು ಮನೆ ಮುದುಕಿಯ ಊರುಗೋಲು ನೆನಪಾಯಿತು. ನನ್ನ ಮೊಬೈಲ್‌ನಲ್ಲಿದ್ದ ಹಿಮದ ನಕ್ಷೆಯನ್ನು ಕಾಕಾಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ.

ಮೊನ್ನೆ ತಮ್ಮ ಫೋಟೊ ಕಳಿಸಿದ್ದಾನೆ. ಅಂಗಡಿಯ ಬಾಗಿಲಿಗೆ ಶಾಲೆಯ ಹಳೇ ಕರಿಹಲಗೆ ತೂಗುಹಾಕಿದ್ದಾರೆ. ಮೇಲೆ ತಾರೀಖು, ಅದರ ಕೆಳಗೆ ಸೀಮೆಸುಣ್ಣದ ದಪ್ಪ ಅಕ್ಷರ: "ಬ್ರಿಜ್ ಮ್ಯಾಲ ನೀರಿಲ್ಲ. ಬಸ್ ಬರ್ತದ."