ಬೆನ್ನ ಹಿಂದೆ 145 ಲೀಟರ್ ಡೀಸೆಲ್, ಗೇಜ್ ಮುಳ್ಳು ತಳದಲ್ಲಿ

ಮೊನ್ನೆ ನಮ್ಮ ಫ್ಲೀಟ್ ಇನ್‌ಚಾರ್ಜ್ ಹೊಸ ಡ್ರೈವರ್ ಒಬ್ಬನಿಗೆ ಪಿಕಪ್ ಒಪ್ಪಿಸುತ್ತಿದ್ದರು. "ಇದರಲ್ಲಿ ಸೆಕೆಂಡ್ ಟ್ಯಾಂಕ್ ಇದೆ, ಡೀಸೆಲ್ ಬಗ್ಗೆ ನೀನು ತಲೆ ಕೆಡಿಸ್ಕೋಬೇಡ" ಅಂದರು. ನಾನು ಪಕ್ಕದಲ್ಲೇ ವ್ಹೀಲ್ ನಟ್ ಬಿಗಿ ಮಾಡುತ್ತಿದ್ದೆ. ನಗು ಬಂತು. ಸ್ವಲ್ಪ ಮೈ ಉರಿಯಿತು ಕೂಡ. ನನಗೂ ಅವರು ಇದೇ ಮಾತು ಹೇಳಿದ್ದರು, ನಾನೂ ತಲೆ ಕೆಡಿಸಿಕೊಂಡಿರಲಿಲ್ಲ.

ನಮ್ಮದು ದೂರದ ಟವರ್ ಸೈಟ್‌ಗಳ ರಿಪೇರಿ ಕೆಲಸ. ಹೋಗೋದು ಬರೋದು ಸೇರಿ ಸಾವಿರ ಕಿಲೋಮೀಟರ್ ದಾಟುವ ಟ್ರಿಪ್‌ಗಳಿವೆ. ಗಾಡಿಯ ಮೇನ್ ಟ್ಯಾಂಕ್ 75 ಲೀಟರ್. ಕ್ಯಾಬಿನ್ ಹಿಂದೆ, ಲೋಡ್ ಬಾಡಿಯಲ್ಲಿ 150 ಲೀಟರಿನ ಇನ್ನೊಂದು. ಅದರಿಂದ ಮೇನ್ ಟ್ಯಾಂಕಿಗೆ ಡೀಸೆಲ್ ಹಾಕುವ ಫಿಲ್ಲರ್ ಪೈಪಿಗೆ ಒಂದು ಲೈನ್, ನಡುವೆ ಸಣ್ಣ 12 ವೋಲ್ಟ್ ಪಂಪ್, ಡ್ಯಾಶ್‌ಬೋರ್ಡ್ ಕೆಳಗೆ ಸ್ವಿಚ್ಚು ಮತ್ತು ಒಂದು ಹಸಿರು ದೀಪ. ಮುಳ್ಳು ಕಾಲು ಭಾಗಕ್ಕೆ ಇಳಿದರೆ ಸ್ವಿಚ್ ಹಾಕು, ಅರ್ಧ ಗಂಟೆ ಬಿಟ್ಟು ತೆಗಿ. ಅಷ್ಟೇ ಟ್ರೈನಿಂಗ್.

ಸೆಕೆಂಡ್ ಟ್ಯಾಂಕಿಗೆ ಗೇಜ್ ಇಲ್ಲ. ಕೇಳಿದ್ದೆವು. ಬಜೆಟ್ ಇಲ್ಲ ಅಂದರು. ಟೈಮರ್ ಕೇಳಿದ್ದೆವು. ಅದಕ್ಕೂ ಇಲ್ಲ. ಮುಚ್ಚಳ ತೆಗೆದು ಡಿಪ್, ಅಂದರೆ ಅಳತೆ ಕಡ್ಡಿ, ಹಾಕಿ ನೋಡಬೇಕು. ಆದರೆ ಮೇನ್ ಟ್ಯಾಂಕಿಗೆ ಟ್ರ್ಯಾಕರ್ ಹಾಕೋಕೆ ಮಾತ್ರ ದುಡ್ಡಿತ್ತು. ನಾವು ಪಂಪ್ ಹಾಕಿದಾಗಲೆಲ್ಲ ಆಫೀಸಿನ ಸ್ಕ್ರೀನ್ ಮೇಲೆ ಡೀಸೆಲ್ ತಾನಾಗಿ ಏರುತ್ತದೆ. ತಕ್ಷಣ ಫೋನು: "ಎಲ್ಲಿ ತುಂಬಿಸಿದ್ರಿ? ಬಿಲ್ ಎಲ್ಲಿ?" ಹಿಂದಿನ ಟ್ಯಾಂಕಿನಿಂದ ಮುಂದಿನದಕ್ಕೆ ಬಂತು ಮೇಡಂ ಅಂತ ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ.

ಒಂದು ಟ್ರಿಪ್‌ಗೆ ಹೊರಡುವ ಹಿಂದಿನ ದಿನ ಗಾಡಿ ತೊಳೆಸಿದೆ. ಪ್ರೆಷರ್ ವಾಶ್. ಸೆಕೆಂಡ್ ಟ್ಯಾಂಕಿಗೆ ಗಾಳಿಯಾಡಲು ಇರುವ ಸಣ್ಣ ಪೈಪ್, ಬ್ರೀದರ್, ಅದರ ಒಳಗೆ ನೀರು ಹೋಗಬಾರದು ಅಂತ ಅದರ ಬಾಯಿಗೆ ನಾನೇ ಕಪ್ಪು ಟೇಪ್ ಸುತ್ತಿದೆ. ಡೀಸೆಲ್‌ಗೆ ನೀರು ಸೇರಿದರೆ ಏನಾಗುತ್ತೆ ಅಂತ ಗೊತ್ತಿರುವವನು ನಾನು, ಜಾಗ್ರತೆಯ ಮನುಷ್ಯ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ತೊಳೆದಾದ ಮೇಲೆ ಟೇಪ್ ಬಿಚ್ಚಬೇಕಿತ್ತು. ಅಷ್ಟರಲ್ಲಿ ಟ್ರಿಪ್ ಶೀಟ್ ಸಹಿಗೆ ಕರೆದರು.

ಸಂಜೆ ಸೆಕೆಂಡ್ ಟ್ಯಾಂಕಿಗೆ ಡೀಸೆಲ್ ತುಂಬಿಸುವಾಗ ಫಿಲ್ಲರ್ ಬಾಯಿಂದ ಗುಳುಗುಳು ಅಂತ ಹಿಂದಕ್ಕೆ ಉಕ್ಕಿತು. ಯಾವತ್ತೂ ಹಾಗೆ ಆಗಿರಲಿಲ್ಲ. ಬಂಕಿನವರು ಪೈಪಿನ ಗನ್ ಜೋರಾಗಿ ಹಿಡಿದಿದ್ದಾರೆ ಅಂದುಕೊಂಡೆ. 145ಕ್ಕೆ ನಿಲ್ಲಿಸಿದೆ. ಪೂರ್ತಿ ತುಂಬಿಸಬಾರದು, ಬಿಸಿಲಿಗೆ ಇಪ್ಪತ್ತು ಡಿಗ್ರಿ ಏರಿದರೆ ಅಷ್ಟು ಡೀಸೆಲ್ ಎರಡೂವರೆ ಲೀಟರ್‌ನಷ್ಟು ಹಿಗ್ಗುತ್ತದೆ. ಇಂಥ ಲೆಕ್ಕವೆಲ್ಲ ನನಗೆ ಬಾಯಿಪಾಠ. ಟೇಪ್ ಮಾತ್ರ ನೆನಪಿಲ್ಲ.

ಗಾಡಿಯಲ್ಲಿ ಮೂವರಿದ್ದೆವು. ನಾನು, ಪಕ್ಕದಲ್ಲಿ ಹೊಸದಾಗಿ ಸೇರಿದ್ದ ಹುಡುಗ, ಹಿಂದೆ ನಮ್ಮ ಸೀನಿಯರ್ ಟೆಕ್ನಿಷಿಯನ್. ಹಿಂದಿನವರು ಗೇಟ್ ದಾಟುವ ಮೊದಲೇ ನಿದ್ದೆ.

ಸಂಜೆಗತ್ತಲಲ್ಲಿ ಮುಳ್ಳು ಕಾಲು ಭಾಗಕ್ಕೆ ಬಂತು. ಸ್ವಿಚ್ ಹಾಕಿದೆ. ಹಸಿರು ದೀಪ ಬಂತು. ಒಂದೆರಡು ನಿಮಿಷ ಕಳೆದಿರಬೇಕು, ಹಿಂದಿನಿಂದ 'ಢಬ್' ಅಂತ ಸದ್ದು. ತಗಡಿನ ಡಬ್ಬಿ ಒತ್ತಿದ ಹಾಗೆ.

"ಅಣ್ಣ, ಏನದು?" ಅಂದ ಹುಡುಗ.

"ಟೂಲ್ ಬಾಕ್ಸ್ ಜರುಗಿರುತ್ತೆ ಬಿಡು."

ಕಾಲು ಗಂಟೆ ಆಯಿತು. ಮುಳ್ಳು ಏರಲಿಲ್ಲ. ಈ ಗಾಡಿಯ ಗೇಜ್ ಮೊದಲಿಂದಲೂ ಸೋಮಾರಿ ಅಂತ ನನ್ನ ವಾದ. ಅರ್ಧ ಗಂಟೆಗೆ ಒಂದು ಕ್ರಾಸ್ ಬಂತು. ಎಡಕ್ಕೆ ಹದಿನೆಂಟು ಕಿಲೋಮೀಟರ್ ಹೋದರೆ ಬಂಕ್ ಇದೆ ಅಂತ ಬೋರ್ಡಿತ್ತು. ಹುಡುಗ ಬೋರ್ಡ್ ನೋಡಿದ, ಗೇಜ್ ನೋಡಿದ, ನನ್ನ ಮುಖ ನೋಡಿದ. ಬಾಯಿ ಬಿಡಲಿಲ್ಲ. ಸೇರಿ ಎರಡು ವಾರ ಆಗಿದ್ದವನು ಡ್ರೈವರ್‌ಗೆ ಏನಂತ ಹೇಳ್ತಾನೆ? ನಾನು ಗೇರ್ ಕೂಡ ಇಳಿಸದೆ ಸೀದಾ ಹೋದೆ. ಬೆನ್ನ ಹಿಂದೆ 145 ಲೀಟರ್ ಇಟ್ಟುಕೊಂಡು ಬಂಕ್ ಹುಡುಕೋದಾ ಅಂತ ಸೊಕ್ಕು.

ರಿಸರ್ವ್ ಲೈಟ್ ಬಂತು. ಆಮೇಲಿನ ನಿಮಿಷಗಳು ಬಲು ಉದ್ದ. ಎಸಿ ಆಫ್ ಮಾಡಿದೆ. ವೇಗ ಇಳಿಸಿದೆ. ಸ್ವಿಚ್ ತೆಗೆದೆ, ಹಾಕಿದೆ, ತೆಗೆದೆ, ಹಾಕಿದೆ. ದೀಪ ಪ್ರತಿ ಸಲವೂ ಚೆನ್ನಾಗಿಯೇ ಉರಿಯಿತು. ಆ ದೀಪ ಹೇಳುತ್ತಿದ್ದುದು ಒಂದೇ, ಪಂಪಿಗೆ ಕರೆಂಟ್ ಹೋಗುತ್ತಿದೆ ಅಂತ. ಡೀಸೆಲ್ ಬರುತ್ತಿದೆ ಅಂತ ಅದು ಯಾವತ್ತೂ ಹೇಳಿರಲಿಲ್ಲ. ಹಾಗಂತ ಅರ್ಥ ಮಾಡಿಕೊಂಡಿದ್ದು ನಾನು.

ಒಂದು ಏರಿನಲ್ಲಿ ಎಂಜಿನ್ ಎರಡು ಸಲ ಜಗ್ಗಿತು. ತಳದಲ್ಲಿದ್ದ ಡೀಸೆಲ್ ಇಳಿಜಾರಿಗೆ ಸರಿದು ಪೈಪಿಗೆ ಸಿಗುತ್ತಿರಲಿಲ್ಲ. ಪೂರ್ತಿ ಡ್ರೈ ಆಗೋಕೆ ಬಿಡಬಾರದು. ಕಾಮನ್ ರೇಲ್ ಎಂಜಿನ್, ಅಂದರೆ ಡೀಸೆಲನ್ನು ಭಾರೀ ಒತ್ತಡದಲ್ಲಿ ಇಂಜೆಕ್ಟರ್‌ಗಳಿಂದ ಚಿಮ್ಮಿಸುವಂಥದ್ದು. ಅದರ ಹೈ ಪ್ರೆಷರ್ ಪಂಪಿಗೆ ಡೀಸೆಲೇ ಎಣ್ಣೆ. ಒಣಗಿ ತಿರುಗಿದರೆ ಪಂಪ್ ಕೆಡುತ್ತೆ, ಅದರ ಪುಡಿ ಇಂಜೆಕ್ಟರ್‌ಗಳಿಗೂ ಹೋಗುತ್ತೆ. ಪಕ್ಕಕ್ಕೆ ಹಾಕಿ ನಾನೇ ಆಫ್ ಮಾಡಿದೆ. ಆ ರಾತ್ರಿ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ ಅದು.

ಸಿಗ್ನಲ್ ಇಲ್ಲ. ಟವರ್ ರಿಪೇರಿಯವರಿಗೇ ಸಿಗ್ನಲ್ ಇಲ್ಲ, ನಗಬೇಡಿ.

ಟಾರ್ಚ್ ಹಿಡಿದು ಶುರು ಮಾಡಿದೆ. ಫ್ಯೂಸ್ ಸರಿ ಇತ್ತು. ಪಂಪ್ ಟಿಕ್ ಟಿಕ್ ಅನ್ನುತ್ತಿತ್ತು. ಪಂಪಿನ ಇನ್‌ಲೆಟ್ ಹೋಸ್ ಬಿಚ್ಚಿದೆ. ಡೀಸೆಲ್ ಸುರಿಯಲಿಲ್ಲ, ಬದಲಿಗೆ ಹೋಸ್ ನನ್ನ ಬೆರಳನ್ನೇ ಎಳೆದುಕೊಂಡಿತು, ಟ್ಯಾಂಕಿನೊಳಗೆ ಗುಳಗುಳ ಅಂದಿತು. ಏರ್ ಲಾಕ್, ಪೈಪಿನಲ್ಲಿ ಗಾಳಿ ಕಟ್ಟಿದೆ ಅಂದುಕೊಂಡೆ. ಮತ್ತೆ ಹಾಕಿ ಸ್ವಿಚ್ ಒತ್ತಿದರೆ ಲೈನಿನಲ್ಲಿ ಡೀಸೆಲ್ ಓಡಿತು! ಕುಣಿಯೋದೊಂದು ಬಾಕಿ. ಅರ್ಧ ನಿಮಿಷಕ್ಕೆ ಮತ್ತೆ ನಿಂತಿತು. ಬಿಚ್ಚಿದೆ, ಹಾಕಿದೆ. ಅರ್ಧ ನಿಮಿಷ ಓಡಿತು, ನಿಂತಿತು. ಮೂರನೇ ಸಲವೂ ಅದೇ. ಪಂಪ್ ಸತ್ತಿದೆ, ಅಗ್ಗದ ಮಾಲು ಕೊಟ್ಟಿದ್ದಾರೆ ಅಂತ ಆಫೀಸಿನವರನ್ನು ಬಾಯಿಗೆ ಬಂದಂತೆ ಬೈದೆ. ಮುಕ್ಕಾಲು ಗಂಟೆ ಹೀಗೇ ಹೋಯಿತು. ಸೀನಿಯರ್ ಒಮ್ಮೆ ಎದ್ದು "ಸೈಟ್ ಬಂತಾ?" ಅಂತ ಕೇಳಿ ಮತ್ತೆ ಮಲಗಿದರು.

ಕೊನೆಗೆ ಹುಡುಗ ಮೆಲ್ಲಗೆ, "ಅಣ್ಣ, ಒಂದ್ಸಲ ಡಿಪ್ ಹಾಕಿ ನೋಡ್ಲಾ? ಡೀಸೆಲ್ ಇದೆ ತಾನೇ?" ಅಂದ.

"ನಾನೇ ತುಂಬಿಸಿದ್ದು ಕಣೋ" ಅಂತ ರೇಗಿದೆ. ಆದರೂ ಅವನು ಹತ್ತಿದ. ಮುಚ್ಚಳ ತಿರುಗಿಸಿದ್ದೇ 'ಸುಸ್ಸ್ಸ್' ಅಂತ ಗಾಳಿ ಒಳಕ್ಕೆ ನುಗ್ಗಿತು. ಹಿಂದೆಯೇ ಟ್ಯಾಂಕಿನ ಪಕ್ಕದ ತಗಡು 'ಢಬ್' ಅಂತ ಹೊರಕ್ಕೆ ಬಂತು. ಸಂಜೆ ಕೇಳಿದ್ದ ಅದೇ ಸದ್ದು. ಹುಡುಗ ಟಾರ್ಚನ್ನು ಬ್ರೀದರ್ ಮೇಲೆ ಬಿಟ್ಟ. ಕಪ್ಪು ಟೇಪ್, ಒಳಕ್ಕೆ ಬಟ್ಟಲಿನ ಹಾಗೆ ಬಾಗಿ ಕೂತಿತ್ತು.

"ಇದನ್ನ ಯಾರು ಹಾಕಿದ್ದಣ್ಣ?"

ನಾನು ಪಂಪಿನ ಕಡೆ ನೋಡುತ್ತಾ ನಿಂತೆ.

ಆಮೇಲೆ ಯೋಚಿಸಿದರೆ ಎಲ್ಲ ಸರಳ. ಟ್ಯಾಂಕಿನಲ್ಲಿ ಗಾಳಿಗೆ ಉಳಿದಿದ್ದ ಜಾಗ ಐದು ಲೀಟರ್. ಹೊರಗಿನ ಗಾಳಿ ಬರದೆ ಒಂದು ಲೀಟರ್ ಡೀಸೆಲ್ ಹೊರಹೋದರೆ ಆ ಐದು ಲೀಟರ್ ಗಾಳಿ ಆರು ಲೀಟರ್ ಜಾಗಕ್ಕೆ ಹರಡಿಕೊಳ್ಳಬೇಕು. ಒಳಗಿನ ಒತ್ತಡ ಆರನೇ ಒಂದು ಭಾಗ ಬಿತ್ತು. ಸಣ್ಣ ಪಂಪಿಗೆ ಅಷ್ಟರ ವಿರುದ್ಧ ಎಳೆಯೋ ತಾಕತ್ತಿಲ್ಲ. ಟ್ಯಾಂಕ್ ಎಷ್ಟು ತುಂಬಿರುತ್ತೋ ಅಷ್ಟು ಬೇಗ ಹೀಗೆ ಕಟ್ಟಿಕೊಳ್ಳುತ್ತೆ. ಅರ್ಧ ಖಾಲಿ ಇದ್ದಿದ್ದರೆ ಹತ್ತು ಲೀಟರಾದರೂ ಬಂದಿರುತ್ತಿತ್ತು. ಟೇಪ್ ತಾನಾಗಿ ಬಿಚ್ಚಿಕೊಳ್ಳಬಹುದಿತ್ತಲ್ವಾ ಅಂದರೆ, ಇಲ್ಲ. ಹೊರಗಿನ ಗಾಳಿಯೇ ಅದನ್ನು ಒತ್ತಿ ಹಿಡಿದಿತ್ತು. ನಾನು ಹೋಸ್ ಬಿಚ್ಚಿದಾಗಲೆಲ್ಲ ಟ್ಯಾಂಕ್ ಒಂದು ಉಸಿರು ತೆಗೆದುಕೊಂಡಿತ್ತು, ಒಂದು ಲೀಟರ್ ಕೊಟ್ಟಿತ್ತು. ಉತ್ತರ ಕೈಯಲ್ಲೇ ಇತ್ತು.

ಎಂಜಿನ್ ಆಫ್ ಇಟ್ಟೇ ಹತ್ತು ನಿಮಿಷ ಪಂಪ್ ಓಡಿಸಿದೆವು. ನಿಮಿಷಕ್ಕೆ ಎರಡು ಲೀಟರ್, ಅಲ್ಲಿಗೆ ಇಪ್ಪತ್ತು. ಹ್ಯಾಂಡ್ ಪ್ರೈಮರ್ ಒತ್ತಿ ಎಂಜಿನ್ ಲೈನಿಗೆ ಡೀಸೆಲ್ ಎಳೆದು ಕ್ರ್ಯಾಂಕ್ ಮಾಡಿದರೆ ಮೂರನೇ ಸಲಕ್ಕೆ ಹಿಡಿಯಿತು. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಇದನ್ನ ನಗುನಗುತ್ತಾ ಬರೆಯುತ್ತಿದ್ದೆ.

ಹೊರಟೆವು. ನನಗೆ ಎಂಥ ನಿರಾಳ ಅಂದರೆ ಮಾತೇ ಮಾತು. ಹುಡುಗನಿಗೆ ಹಳೇ ಟ್ರಿಪ್‌ಗಳ ಕತೆ ಹೇಳಿದೆ. ಹಿಂದಿನಿಂದ ಒಂದು ಲಾರಿ ಹೆಡ್‌ಲೈಟ್ ಡಿಮ್ ಡಿಪ್ ಮಾಡುತ್ತಲೇ ಇತ್ತು. ಓವರ್‌ಟೇಕ್ ಬೇಕೇನೋ ಅಂತ ಸೈಡ್ ಕೊಟ್ಟೆ, ಮುಂದೆ ಹೋಗಲಿಲ್ಲ. ಇನ್ನೂ ಸೈಡ್ ಕೊಟ್ಟೆ. ಕೊನೆಗೆ ಪಕ್ಕಕ್ಕೆ ಬಂದು ಕ್ಲೀನರ್ ಕೂಗಿದ: "ಡೀಸೆಲ್ ಸುರೀತಿದೆ!"

ಸ್ವಿಚ್ ಆನ್ ಇತ್ತು. ನಲವತ್ತು ನಿಮಿಷದ ಹತ್ತಿರ. ಮೇನ್ ಟ್ಯಾಂಕ್ ತುಂಬಿ, ಅದರ ಬ್ರೀದರ್‌ನಿಂದ ಉಕ್ಕಿ ರಸ್ತೆಗೆ ಹೋಗುತ್ತಿತ್ತು. ಡಿಪ್ ಹಾಕಿದರೆ ಹಿಂದೆ ಉಳಿದಿದ್ದು ಐವತ್ತು ಲೀಟರ್. ಲೆಕ್ಕ ಹಾಕಿದರೆ ಇಪ್ಪತ್ತರ ಹತ್ತಿರ ರಸ್ತೆಪಾಲು. ಹಸಿರು ದೀಪ ಪಾಪ ಮೊದಲಿನ ಹಾಗೇ ಉರಿಯುತ್ತಿತ್ತು.

ದುಡ್ಡಿನ ಮಾತು ಬಿಡಿ. ಹತ್ತು ನಿಮಿಷದ ದಾರಿ ಉದ್ದಕ್ಕೂ ಟಾರ್ ಮೇಲೆ ಡೀಸೆಲ್ ಗೆರೆ. ಕತ್ತಲಲ್ಲಿ ಕಾಣೋದಿಲ್ಲ, ಪೆಟ್ರೋಲಿನ ಹಾಗೆ ಬೇಗ ಆರೋದೂ ಇಲ್ಲ. ತಿರುವಿನಲ್ಲಿ ಬೈಕ್ ಬಂದರೆ? ಗಾಡಿ ತಿರುಗಿಸಿ ವಾಪಸ್ ಹೋದೆವು. ಎರಡು ತಿರುವುಗಳಲ್ಲಿ ಗೆರೆ ದಪ್ಪಗಿತ್ತು. ಸೀನಿಯರ್ ಈ ಸಲ ನಿಜವಾಗಿ ಎದ್ದರು, ಗುದ್ದಲಿ ಅವರೇ ಹಿಡಿದರು. ಮೂವರೂ ಸೇರಿ ಪಕ್ಕದ ಮಣ್ಣು ಹರಡಿದೆವು. ಒಂದು ಬೈಕ್ ಬಂತು, ಟಾರ್ಚ್ ಬೀಸಿ ನಿಧಾನಿಸಿದೆವು. ಗಂಡ, ಹೆಂಡತಿ, ನಡುವೆ ನಿದ್ದೆ ಮಾಡುತ್ತಿದ್ದ ಮಗು. ಏನಾಯ್ತು ಅಂತ ಕೇಳಿದರು. ಏನಿಲ್ಲ, ಮೆಲ್ಲಗೆ ಹೋಗಿ ಅಂದೆ. ಟೇಪ್ ವಿಷಯ ನೆನೆದರೆ ನಗು ಬರುತ್ತೆ, ಆ ಮಗು ನೆನಪಾದರೆ ಇವತ್ತಿಗೂ ಬೆವರುತ್ತೆ.

ಈಗ ನಾನು ಮುಳ್ಳು ಅರ್ಧಕ್ಕೆ ಬಂದಾಗಲೇ ಪಂಪ್ ಹಾಕುತ್ತೇನೆ. ಕೈ ಕೊಟ್ಟರೆ ಬಂಕ್ ತನಕ ಹೋಗೋಕೆ ಮುಂದಿನ ಟ್ಯಾಂಕಿನಲ್ಲೇ ಇರಬೇಕು. ಹಿಂದಿನದರಲ್ಲಿ ಇರೋದು ಡೀಸೆಲ್ ಅಂತ ಲೆಕ್ಕಕ್ಕೇ ಹಿಡಿಯಲ್ಲ. ಅದು ಲಗೇಜು, ಟ್ಯಾಂಕ್ ಬಿಟ್ಟು ನೂರಿಪ್ಪತ್ತು ಕಿಲೋ ಲಗೇಜು, ಮುಂದಕ್ಕೆ ಬರುವವರೆಗೂ. ಐದು ನಿಮಿಷಕ್ಕೆ ಮುಳ್ಳು ಅಲ್ಲಾಡದಿದ್ದರೆ ಗಾಡಿ ನಿಲ್ಲಿಸುತ್ತೇನೆ. ಟೈಮರ್ ಸ್ವಂತ ದುಡ್ಡಲ್ಲಿ ಹಾಕಿಸಿದೆ. ಆ ಬಿಲ್ ಇನ್ನೂ ಪಾಸಾಗಿಲ್ಲ. ಮೆಕ್ಯಾನಿಕ್ ಬ್ರೀದರ್‌ಗೆ ಹೋಸ್ ಹಾಕಿ ಬಾಯಿ ಕೆಳಕ್ಕೆ ತಿರುಗಿಸಿ ಜಾಲರಿ ಕೂರಿಸಿಕೊಟ್ಟ. ನೀರು ಹೋಗಲ್ಲ, ಟೇಪೂ ಬೇಡ. ಹತ್ತು ನಿಮಿಷದ ಕೆಲಸ. ಇವನ ಹತ್ತಿರ ಮಾತ್ರ ನಿಜ ಹೇಳಿದ್ದೆ. ಅವನು ಅರ್ಧ ದಿನ ನಕ್ಕ. ಆಮೇಲೆ, "ಮ್ಯಾನೇಜ್‌ಮೆಂಟ್‌ನವರು ಮೊದಲು ಜಿಂಕ್ ತಗಡಿನ ಟ್ಯಾಂಕ್ ಮಾಡಿಸೋಕೆ ಹೊರಟಿದ್ದರು, ಜಿಂಕ್ ಡೀಸೆಲ್‌ನಲ್ಲಿ ಬಿಟ್ಟುಕೊಂಡು ಇಂಜೆಕ್ಟರ್ ಕಟ್ಟುತ್ತೆ ಅಂತ ನಾನೇ ತಡೆದೆ, ನಿನ್ನ ಟೇಪ್ ಅದಕ್ಕಿಂತ ವಾಸಿ ಬಿಡು" ಅಂತ ಸಮಾಧಾನ ಮಾಡಿದ.

ಆ ಟ್ರಿಪ್‌ನಲ್ಲಿ ಸೈಟ್‌ಗೆ ಮೂರು ಗಂಟೆ ತಡ. ಬೆಳಿಗ್ಗೆ ಸಿಗ್ನಲ್ ಬಂದ ಕೂಡಲೇ ಆಫೀಸಿನಿಂದ ಫೋನು: ರಾತ್ರಿ ಎಪ್ಪತ್ತು ಲೀಟರ್ ಏರಿದೆ, ಬಿಲ್ ಎಲ್ಲಿ? ಆಮೇಲೆ ಆ್ಯಪ್‌ನಲ್ಲಿ ತಡಕ್ಕೆ ಕಾರಣ ತುಂಬಬೇಕಿತ್ತು. ನಾಲ್ಕೇ ಆಯ್ಕೆ: ಪಂಕ್ಚರ್, ಟ್ರಾಫಿಕ್, ಹವಾಮಾನ, ಇತರೆ. 'ಇತರೆ' ಒತ್ತಿದರೆ ಮುನ್ನೂರು ಅಕ್ಷರದ ವಿವರಣೆ ಕೇಳುತ್ತೆ. 'ಹವಾಮಾನ' ಒತ್ತಿದೆ. ಹುಡುಗ ಪಕ್ಕದಿಂದ ಇಣುಕಿ ನೋಡಿದ.

"ಹವಾ ಸಿಗದೇ ತಾನೇ ನಿಂತಿದ್ದು" ಅಂದೆ.